ಕಾಯಕವೆಂದು ಕರೆದರೆ ಕೂಲಿ ಕಾಯಕವಾದೀತೆ?

ದೇಶ ಮುಂದೆ ಬರಬೇಕಾದರೆ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಅಪ್ಪಣೆ ಕೊಡಿಸಿದರು. 2025ರ ಜನವರಿಯಲ್ಲಿ ಲಾರ್ಸೆನ್ ಅಂಡ್ ಟೂಬ್ರೊದ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದೂ ಕೇಳಿದರು. ಎರಡು ಸಲವೂ ಗದ್ದಲವೆದ್ದಿತು, ಗೇಲಿಯ ಮಾತುಗಳು ಫೋನಿನಿಂದ ಫೋನಿಗೆ ಹಾರಿದವು, ವಾರದೊಳಗೆ ಎಲ್ಲ ತಣ್ಣಗಾಯಿತು. ಆ ಗದ್ದಲವನ್ನು ಹತ್ತಿರದಿಂದ ಕೇಳಿದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಬಯ್ದವರೂ ಹೊಗಳಿದವರೂ ಜಗಳವಾಡಿದ್ದು ಅಂಕಿಯ ಬಗ್ಗೆ ಮಾತ್ರ. 48 ಸಾಕೆ, 70 ಬೇಕೆ, 90 ಅತಿಯಾಯಿತೆ? ಸಂತೆಯಲ್ಲಿ ಎಮ್ಮೆಯ ಬೆಲೆ ಕೂಗುವಂತೆ ಕೂಗಿದರು. ಎಮ್ಮೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಗಂಟೆಗಳೊಳಗೆ ನಡೆಯುವ ಕೆಲಸ ಯಾರ ಹಿಡಿತದಲ್ಲಿದೆ, ಅದರ ವೇಗವನ್ನು ಗೊತ್ತುಮಾಡುವವರು ಯಾರು, ಅದು ಚೆನ್ನಾಗಿ ಆಯಿತೋ ಕೆಟ್ಟಿತೋ ಎಂದು ಹೇಳುವ ಅಧಿಕಾರ ಯಾರದ್ದು? ಇವು ಚರ್ಚೆಗೇ ಬರಲಿಲ್ಲ. ದುಡಿಯುವವನ ಕೈಯಿಂದ ದುಡಿಮೆಯನ್ನು ಕಿತ್ತುಕೊಂಡವರೇ ಅವನಿಗೆ ದುಡಿಮೆಯಲ್ಲಿ ನಿಷ್ಠೆ ಸಾಲದು ಎಂದು ಬೋಧಿಸುತ್ತಿದ್ದಾರೆ, ನಾವು ತಲೆದೂಗುತ್ತಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ನಾಡಿನಲ್ಲಂತೂ ಈ ಬೋಧನೆಗೆ ಹೊಲಿಸಿಟ್ಟ ಅಂಗಿಯೊಂದು ಸಿದ್ಧವಾಗಿದೆ. ಅದರ ಹೆಸರು ಕಾಯಕ. ಮಂತ್ರಿಗಳ ಭಾಷಣದಲ್ಲಿ, ಕಾರ್ಖಾನೆಯ ಗೋಡೆಯ ಮೇಲೆ, ಸನ್ಮಾನಪತ್ರಗಳ ಒಕ್ಕಣೆಯಲ್ಲಿ ಅದು ಮೆರೆಯುತ್ತದೆ. ಕಾಯಕದ ನಾಡಿನಲ್ಲಿ ಹುಟ್ಟಿ ಗಂಟೆ ಎಣಿಸುತ್ತೀರಾ ಎಂಬ ಧಾಟಿ. ಸರಿ, ಹಾಗಿದ್ದರೆ ಕಲ್ಯಾಣಕ್ಕೇ ಹೋಗೋಣ. 12ನೇ ಶತಮಾನದ ಶರಣ ಪರಂಪರೆಯ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮೆಚ್ಚಿ ಬೆನ್ನು ತಟ್ಟಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಇಂದಿನ ಯಾವ ಕಂಪನಿಯ ಎಚ್.ಆರ್. ವಿಭಾಗ ಲಕ್ಕಮ್ಮನನ್ನು ಉಳಿಸಿಕೊಂಡೀತು? ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವಳಿಗೆ ಯಾವ ಶ್ರೇಣಿ ಸಿಕ್ಕೀತು? ಮಡಿವಾಳ ಮಾಚಯ್ಯ ಕಾಯಕ ಮಾಡಿ ಬದುಕುವ ಶರಣರ ಬಟ್ಟೆಯನ್ನಷ್ಟೇ ಒಗೆಯುತ್ತಿದ್ದ ಎಂಬ ಪ್ರತೀತಿಯಿದೆ. ಅಂದರೆ ಯಾರ ಕೆಲಸ ಮಾಡಬೇಕೆಂಬ ತೀರ್ಮಾನ ಅವನದೇ. ಹುಲ್ಲು ಕೊಯ್ಯುತ್ತಿದ್ದ ನುಲಿಯ ಚಂದಯ್ಯ ಕೊರಳಿಂದ ಜಾರಿಬಿದ್ದ ಲಿಂಗವನ್ನು ಎತ್ತಿಕೊಳ್ಳದೆ ಹೊರೆ ಹೊತ್ತು ನಡೆದ. ಕೆಲಸದ ನಡುವೆ ಬಾಯಿ ಹಾಕುವ ಹಕ್ಕನ್ನು ಅವನು ದೇವರಿಗೂ ಕೊಡಲಿಲ್ಲ. ಯಾರಿಗಾಗಿ, ಹೇಗೆ, ಎಷ್ಟು ಎಂಬ ಮೂರೂ ಮಾಡುವವನ ಕೈಯಲ್ಲಿದ್ದಾಗ ಅದು ಕಾಯಕ. ಮೂರನ್ನೂ ಮೇಲಿನವರು ಗೊತ್ತುಮಾಡಿ ಕೆಳಗೆ ಕಳಿಸಿದರೆ ಅದಕ್ಕೆ ಕನ್ನಡದಲ್ಲಿ ಬೇರೆಯದೇ ಮಾತಿದೆ, ಕೂಲಿ. ಕೂಲಿ ಅವಮಾನದ ಮಾತಲ್ಲ. ಕೂಲಿ ಕೊಟ್ಟು ಕಾಯಕದ ನಿಷ್ಠೆ ಕೇಳುವುದಿದೆಯಲ್ಲ, ಅದು ವಂಚನೆ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಹಿಂದೆ ದುಡಿಮೆ ದುಡಿಯುವವನ ಹಿಡಿತದಲ್ಲಿತ್ತು ಎನ್ನುವುದು ಯಾವ ಊರಿನ ಕಥೆ? ಜೀತದ ಆಳಿಗೆ ಯಾವ ಹಿಡಿತವಿತ್ತು? ಚರ್ಮ ಹದ ಮಾಡುವವನು, ಮಲ ಬಳಿಯುವವನು ಆ ಕೆಲಸವನ್ನು ಆರಿಸಿಕೊಂಡಿದ್ದನೆ? ಇಲ್ಲ. ಜಾತಿಯೆಂದರೆ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ಬಿಡಿಸಿ ಹೇಳಿದ್ದರು. ಜೀತಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಷ್ಟು ತಡವಾಗಿ. ಹಾಗಾಗಿ ಹಳೆಯ ಊರನ್ನು ಹಾಡಿ ಹೊಗಳುವವರ ಸಾಲಿನಲ್ಲಿ ನಾನು ಕೂರಲಾರೆ. ಆದರೆ ಈ ಆಕ್ಷೇಪ ಹೊರಳಿ ಬಡಿಯುವುದು ಆಕ್ಷೇಪಿಸುವವರನ್ನೇ. ಶರಣರು ಕಾಯಕವೆಂಬ ಮಾತನ್ನು ಕಟ್ಟಿದ್ದು ಹುಟ್ಟಿನಿಂದ ಹೇರಿದ ಕಸುಬಿಗೆ ಎದುರಾಗಿ, ದುಡಿಯುವವನನ್ನು ಕೀಳೆಂದ ವ್ಯವಸ್ಥೆಯ ಎದೆಗೆ ಒದ್ದು. ಒಡೆಯನ ಮಾತನ್ನು ಆಳು ಮರುಮಾತಿಲ್ಲದೆ ಕೇಳಬೇಕೆಂಬ ಹಳೆಯ ಸಂಬಂಧವನ್ನು ಹವಾನಿಯಂತ್ರಿತ ಕಟ್ಟಡದೊಳಕ್ಕೆ ತಂದಿಟ್ಟು ಅದಕ್ಕೆ ಶರಣರ ಮುದ್ರೆ ಒತ್ತುವವರು ಯಾರು? ಹಳೆಯದನ್ನು ಪ್ರೀತಿಸುತ್ತಿರುವವರು ಅವರೇ ತಾನೆ?

ಹಿಡಿತ ತಾನಾಗಿ ಜಾರಲಿಲ್ಲ, ಲೆಕ್ಕ ಹಾಕಿ ಕಸಿಯಲಾಯಿತು. ಕಸಿದವರು ಅದನ್ನು ಮುಚ್ಚಿಯೂ ಇಡಲಿಲ್ಲ. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ವಿನ್‌ಸ್ಲೊ ಟೇಲರ್ 1911ರ ತನ್ನ ಪುಸ್ತಕದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕಬ್ಬಿಣದ ಗಟ್ಟಿಗಳನ್ನು ಹೊರುವ ಕೂಲಿಯೊಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ. ಎತ್ತು ಎಂದಾಗ ಎತ್ತಿ, ಕೂರು ಎಂದಾಗ ಕೂರುವಂತೆ ಮಾಡಿದ ಮೇಲೆ ನಲವತ್ತೇಳೂವರೆ ಟನ್ ಹೊತ್ತ. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಕೂಲಿ? 1.15 ಡಾಲರ್ ಇದ್ದದ್ದು 1.85 ಆಯಿತು. ಯೋಚನೆಯೆಲ್ಲ ಮೇಲಿನ ಯೋಜನಾ ಕೊಠಡಿಗೆ, ಮೈಮುರಿತ ಕೆಳಗಿನವರಿಗೆ ಎಂಬುದೇ ಆ ವಿಜ್ಞಾನದ ತಿರುಳು. ತಾಮ್ರದ ಕೆಲಸ ಕಲಿತು ದುಡಿದ ಹ್ಯಾರಿ ಬ್ರೇವರ್‌ಮನ್ 1974ರಲ್ಲಿ ಇದನ್ನು ಎಳೆ ಎಳೆಯಾಗಿ ಬಿಡಿಸಿಟ್ಟ. ಅದು ನೂರು ವರ್ಷದ ಹಿಂದಿನ ಅಮೆರಿಕದ ಮಾತಾಯಿತು ಎನ್ನುವವರು ಒಮ್ಮೆ ಬೆಂಗಳೂರಿನ ಪೀಣ್ಯಕ್ಕೋ ಮೈಸೂರು ರಸ್ತೆಗೋ ಬರಲಿ. ಊರಿನ ದರ್ಜಿ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಹೊಲಿದು, ತೊಡಿಸಿ ನೋಡಿ, ಬಿಗಿಯಾದಲ್ಲಿ ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಗಾರ್ಮೆಂಟ್ಸಿನ ಲೈನಿನಲ್ಲಿ ಅದೇ ಅಂಗಿ ಹತ್ತಾರು ಚೂರುಗಳಾಗಿ ಒಡೆದಿದೆ. ಒಬ್ಬಳಿಗೆ ಕಾಲರ್, ಒಬ್ಬಳಿಗೆ ಕಫ್, ಒಬ್ಬಳಿಗೆ ಜೇಬು. ಹತ್ತು ವರ್ಷ ಕಾಲರ್ ಹೊಲಿದವಳಿಗೆ ಇಡೀ ಅಂಗಿಯನ್ನು ಹೊಲಿಯುವ ಸಂದರ್ಭ ಒಮ್ಮೆಯೂ ಬರದೆ ಹೋಗಬಹುದು. ಒಂದೊಂದು ಹೊಲಿಗೆಗೆ ಎಷ್ಟು ನಿಮಿಷ ಎಂಬುದನ್ನು ಗಡಿಯಾರ ಹಿಡಿದು ಗೊತ್ತುಮಾಡುವವರು ಬೇರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿಗೆ ಏರುತ್ತದೆ. ಮುಟ್ಟದಿದ್ದರೆ ಸೂಪರ್‌ವೈಸರನ ಬಾಯಿ. ಶೌಚಕ್ಕೆ ಎದ್ದರೆ ಪೀಸ್ ಕಟ್ಟಿಕೊಳ್ಳುತ್ತದೆಂದು ನೀರನ್ನೇ ಕಡಿಮೆ ಕುಡಿಯುವ ಹೆಂಗಸರಿಗೆ ಎಪ್ಪತ್ತು ಗಂಟೆಯ ದೇಶಭಕ್ತಿ ಬೋಧಿಸುವ ಧೈರ್ಯ ಯಾರಿಗಿದೆ? ಇದೇ ಹೆಂಗಸರು 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವುದಕ್ಕೆ ಅಡ್ಡಿ ತಂದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದಾಗ ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮವನ್ನು ನುಂಗಿಕೊಂಡಿತು. ಅವರಿಗೆ ಯೋಚನೆ ಬರುವುದಿಲ್ಲ ಎಂದವರು ಯಾರು?

ಹಿಡಿತ ಹೋದ ಮೇಲೆ ಗುಣಮಟ್ಟವೂ ಹಿಂದೆಯೇ ಹೋಗುತ್ತದೆ. ಇದಕ್ಕೆ ಹುಬ್ಬಳ್ಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ನೂಲಿನ ಎಣಿಕೆ, ಬಣ್ಣದ ಛಾಯೆ, ಹೊಲಿಗೆ, ಎರಡೂ ಮಗ್ಗುಲಲ್ಲಿ ಚಕ್ರ ಕೂರುವ ಜಾಗ, ಎಲ್ಲಕ್ಕೂ ಭಾರತೀಯ ಮಾನಕದ ಕಟ್ಟುನಿಟ್ಟು. ಒಂದು ತಪ್ಪಿದರೂ ಧ್ವಜ ತಿರಸ್ಕಾರ. ಇಲ್ಲಿಯೂ ಕಟ್ಟುಪಾಡಿದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದು ಕೆಲಸ ಚೆನ್ನಾಗಲೆಂದು ಇರುವ ಕಟ್ಟುಪಾಡು, ಬೇಗ ಆಗಲೆಂದು ಇರುವುದಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು; ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಮನೆಮನೆಗೂ ಬಂದ ಬಾವುಟಗಳಲ್ಲಿ ಚಕ್ರ ಒಂದು ಕಡೆ ಜಾರಿತ್ತು, ಕೇಸರಿ ಒಂದು ಕಡೆ ಕೆಂಪಾಗಿತ್ತು. ದೇಶಕ್ಕಾಗಿ ಹೆಚ್ಚು ದುಡಿಯಿರಿ ಎನ್ನುವ ದೇಶ, ತನ್ನ ಬಾವುಟವನ್ನು ಚೆನ್ನಾಗಿ ಮಾಡುವವರ ಕೈಯ ಕೆಲಸ ಕಸಿದು ಅಗ್ಗಕ್ಕೆ ಸಿಕ್ಕದ್ದನ್ನು ಹಾರಿಸಿತು.

ಇನ್ನು ಕಣ್ಗಾವಲು. 1930ರಲ್ಲಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಬೆರಳಚ್ಚು ನೋಂದಣಿಯ ನಿಯಮದ ವಿರುದ್ಧ ಮುಷ್ಕರ ಹೂಡಿದ್ದರು. ಬೆರಳಚ್ಚು ಕೊಡುವುದು ಕಳ್ಳರು, ನಾವು ಕಳ್ಳರಲ್ಲ ಎಂಬ ಸಿಟ್ಟು ಆ ಮುಷ್ಕರದ ಹಿಂದಿತ್ತು ಎಂದು ಊಹಿಸುವುದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಭೂಮಿಯ ಕೆಳಗೆ ಜೀವ ಪಣಕ್ಕಿಟ್ಟವರಿಗೆ ಅಂದು ಆ ಮಾನವಿತ್ತು. ಇಂದು ಬೆಂಗಳೂರಿನ ಪೌರಕಾರ್ಮಿಕರು ಬೆಳಗಾಗುವ ಮೊದಲೇ ಬಯೊಮೆಟ್ರಿಕ್ ಯಂತ್ರದ ಮುಂದೆ ನಿಲ್ಲುತ್ತಾರೆ. ಕಸ ಬಾಚಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ದಿನದ ಕೂಲಿಗೇ ಕುತ್ತು. 2023ರ ಜನವರಿಯಿಂದ ನರೇಗಾ ಕಾಮಗಾರಿಯ ಸ್ಥಳದಲ್ಲಿ ದಿನಕ್ಕೆರಡು ಸಲ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಅಗೆದ ಮಣ್ಣನ್ನು ಅಳೆದು ಕೂಲಿ ಕೊಡುವ ಕೆಲಸ ಅದು. ಗುಂಡಿ ಕಣ್ಣೆದುರಿಗೇ ಇರುವಾಗ ಅಗೆದವಳ ಮುಖ ಎರಡೆರಡು ಸಲ ಏಕೆ ಬೇಕು? ನೆಟ್‌ವರ್ಕ್ ಸಿಗದ ಗುಡ್ಡದ ಹಳ್ಳಿಯಲ್ಲಿ ಬೆವರು ಹರಿಸಿದ್ದಕ್ಕೆ ಸಾಕ್ಷಿ ಬೆವರಲ್ಲ, ಸಿಗ್ನಲ್. ಲಂಚಕೋರ ಗುತ್ತಿಗೆದಾರನನ್ನು ಹಿಡಿಯಲಾರದ ಸರ್ಕಾರ ಗುದ್ದಲಿ ಹಿಡಿದವಳನ್ನು ಹಿಡಿದು ಪಾರದರ್ಶಕತೆ ಎನ್ನುತ್ತದೆ, ಮಧ್ಯಮವರ್ಗ ಚಪ್ಪಾಳೆ ತಟ್ಟುತ್ತದೆ. ಅದೇ ಮಧ್ಯಮವರ್ಗದ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಮೌಸ್ ಎಷ್ಟು ಹೊತ್ತು ಅಲುಗಲಿಲ್ಲ ಎಂದು ಎಣಿಸುವ ತಂತ್ರಾಂಶ ಕೂತಿರುವುದು ಚಪ್ಪಾಳೆಯ ಸದ್ದಿನಲ್ಲಿ ಕೇಳಿಸುತ್ತಿಲ್ಲ.

ಹೊಸ ಕಾಲದ ದುಡಿಮೆ ಸ್ವತಂತ್ರ, ಅಲ್ಲಿ ಒಡೆಯನೇ ಇಲ್ಲ ಎಂದು ಕೊಂಡಾಡುವ ಇನ್ನೊಂದು ಪಂಗಡವಿದೆ. ಬೇಕಾದಾಗ ಆ್ಯಪ್ ಆನ್ ಮಾಡು, ಬೇಡವಾದಾಗ ಆಫ್ ಮಾಡು. ನೀನು ಆಳಲ್ಲ, ಪಾರ್ಟ್‌ನರ್. ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲಿ ಇಂಥವರು ದೇಶದಲ್ಲಿ 77 ಲಕ್ಷ, 2029-30ಕ್ಕೆ 2.35 ಕೋಟಿ ಆಗುವ ಅಂದಾಜು. ಇಂಥ ಪಾಲುದಾರಿಕೆಯನ್ನು ಯಾವ ಅಂಗಡಿಬೀದಿಯೂ ಕಂಡಿರಲಾರದು. ದರ ಗೊತ್ತುಮಾಡುವಾಗ ಪಾಲುದಾರನನ್ನು ಕೇಳುವುದಿಲ್ಲ. ಇನ್ಸೆಂಟಿವ್ ರಾತ್ರೋರಾತ್ರಿ ಬದಲಾಗುತ್ತದೆ, ಪಾಲುದಾರನಿಗೆ ತಿಳಿಯುವುದು ಬೆಳಿಗ್ಗೆ. ಗಾಡಿ ಅವನದು, ಪೆಟ್ರೋಲ್ ಅವನದು, ಬಿದ್ದರೆ ಮುರಿಯುವ ಮೂಳೆ ಅವನದು. ಐಡಿ ಬ್ಲಾಕ್ ಆದರೆ ಯಾಕೆಂದು ಕೇಳೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ. ಬೈಗುಳ ತಿನ್ನುವಾಗಲಾದರೂ ಹಳೆಯ ಮೇಸ್ತ್ರಿಯ ಮುಖ ಕಾಣುತ್ತಿತ್ತು, ಸಂಜೆ ಅವನ ಮನೆಗೆ ಹೋಗಿ ಗೋಗರೆಯಬಹುದಿತ್ತು. ಈ ಹೊಸ ಒಡೆಯನಿಗೆ ಮುಖವೂ ಇಲ್ಲ, ಮನೆಯೂ ಇಲ್ಲ. ಉಬರ್ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ತೀರ್ಪಿತ್ತದ್ದು ಇಂಥ ಹಿಡಿತವನ್ನೇ ಎತ್ತಿ ತೋರಿಸಿ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಕಲ್ಯಾಣ ನಿಧಿಗೆ ಕಂಪನಿಗಳಿಂದ ಶೇಕಡಾ 1ರಿಂದ 5ರಷ್ಟು ಶುಲ್ಕ, ತೆಗೆದುಹಾಕುವ ಮೊದಲು 14 ದಿನದ ನೋಟಿಸ್, ಗಣಕದ ತೀರ್ಮಾನಗಳ ಬಗ್ಗೆ ಮಾಹಿತಿ. ಒಳ್ಳೆಯದೇ. ಆದರೆ ಮಾಹಿತಿ ಪಡೆಯುವ ಹಕ್ಕು ಬೇರೆ, ಮಾತಾಡುವ ಹಕ್ಕು ಬೇರೆ. ಕೊರಳಿಗೆ ಬಿಗಿದ ಹಗ್ಗ ಎಷ್ಟು ಉದ್ದವಿದೆ ಎಂದು ತಿಳಿಸಿದ ಮಾತ್ರಕ್ಕೆ ಹಗ್ಗ ಸಡಿಲವಾಗುವುದಿಲ್ಲ.

ಎಪ್ಪತ್ತು ಗಂಟೆಯ ವಾದಕ್ಕೆ ಎರಡನೇ ಮಹಾಯುದ್ಧದ ನಂತರದ ಜರ್ಮನಿ, ಜಪಾನುಗಳು ಸಾಕ್ಷಿಯಾಗಿ ಬಂದಿದ್ದವು. ಸಾಕ್ಷಿಯನ್ನು ಕರೆದ ಮೇಲೆ ಪೂರ್ತಿ ಹೇಳಿಕೆ ಕೇಳಬೇಕು. ಯುದ್ಧ ಮುಗಿದು ಆರು ವರ್ಷವಾಗಿತ್ತಷ್ಟೆ, 1951ರಲ್ಲಿ ಪಶ್ಚಿಮ ಜರ್ಮನಿ ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಜಾಗವನ್ನು ಕಾರ್ಮಿಕರ ಪ್ರತಿನಿಧಿಗಳಿಗೆ ಕಾನೂನಿನಿಂದಲೇ ಕೊಟ್ಟಿತು. 1976ರಲ್ಲಿ ಆ ತತ್ತ್ವ 2,000ಕ್ಕಿಂತ ಹೆಚ್ಚು ನೌಕರರಿರುವ ಇತರ ಕಂಪನಿಗಳಿಗೂ ಹಬ್ಬಿತು. ಇಂದು ಮುಂದುವರಿದ ದೇಶಗಳ ಪೈಕಿ ವರ್ಷಕ್ಕೆ ಅತಿ ಕಡಿಮೆ ಗಂಟೆ ದುಡಿಯುವವರ ಸಾಲಿನಲ್ಲಿ ಜರ್ಮನರಿದ್ದಾರೆ, ಜರ್ಮನಿ ಮುಳುಗಿದೆಯೆ? ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ಲೈನಿನ ಪಕ್ಕ ಒಂದು ದಾರವಿರುತ್ತಿತ್ತು. ತಪ್ಪು ಕಂಡ ಕೂಡಲೇ ಅಲ್ಲಿ ನಿಂತ ಸಾಮಾನ್ಯ ಕೆಲಸಗಾರನೇ ಅದನ್ನು ಎಳೆಯಬಹುದು, ತಪ್ಪು ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಜಗತ್ತು ಹಾಡಿ ಹೊಗಳಿದ ಜಪಾನೀ ಗುಣಮಟ್ಟದ ಒಂದು ತುದಿ ಆ ದಾರದಲ್ಲಿತ್ತು. ದಾರ ಎಲ್ಲೂ ಇಲ್ಲದ ಕಡೆ ಅದೇ ಜಪಾನು ಕಂಡದ್ದು ಕರೋಶಿ, ಅಂದರೆ ದುಡಿದು ದುಡಿದು ಸಾಯುವುದು. ಕೊನೆಗೆ 2018ರಲ್ಲಿ ಓವರ್‌ಟೈಮನ್ನು ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆಗೆ ಮಿತಿಗೊಳಿಸುವ ಕಾನೂನನ್ನು ಆ ದೇಶ ಮಾಡಬೇಕಾಯಿತು. ನಮ್ಮ ದೊಡ್ಡವರು ಆ ದೇಶಗಳಿಂದ ಗಂಟೆಯನ್ನಷ್ಟೇ ಹೆಕ್ಕಿ ತಂದು, ಮಂಡಳಿಯ ಕುರ್ಚಿಯನ್ನೂ ಲೈನಿನ ದಾರವನ್ನೂ ವಿಮಾನ ನಿಲ್ದಾಣದಲ್ಲೇ ಮರೆತು ಬಂದರೆ?

ನಾವೂ ವಾರಕ್ಕೆ ಎಂಬತ್ತು ಗಂಟೆ ದುಡಿದವರೇ, ನಮಗೇನೂ ಆಗಲಿಲ್ಲವಲ್ಲ ಎನ್ನುವ ಯಜಮಾನರಿಗೂ ಉತ್ತರವಿದೆ. ಲಂಡನ್ನಿನ 10,000ಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿ ನಡೆಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡುಬಂತು. ಹೊರೆ ಹೊತ್ತ ದೊಡ್ಡ ಅಧಿಕಾರಿಗಿಂತ, ಹೇಳಿದ್ದನ್ನಷ್ಟೇ ಮಾಡಬೇಕಾದ ಕೆಳಗಿನ ಗುಮಾಸ್ತನ ಎದೆ ಮೊದಲು ಸೋಲುತ್ತಿತ್ತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆ ತಂದೊಡ್ಡಿದ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರಲ್ಲಿ ಜಗತ್ತಿನಲ್ಲಿ 7.45 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಲೆಕ್ಕ ಕೊಟ್ಟವು. ತಾನೇ ಕಟ್ಟಿದ ಕಂಪನಿಗೆ, ತನ್ನದೇ ಷೇರಿಗೆ, ತನಗೆ ತೋಚಿದ ಹಾದಿಯಲ್ಲಿ ಹಗಲುರಾತ್ರಿ ದುಡಿದವನ ಎಂಬತ್ತು ಗಂಟೆಯನ್ನೂ, ಯಾರದೋ ಟಿಕೆಟ್ ಮುಗಿಸಲು ನಡುರಾತ್ರಿ ಎದ್ದು ಕೂತವಳ ಎಂಬತ್ತು ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ಗಣಿತ? ಹೊತ್ತು ಹೋದದ್ದೇ ತಿಳಿಯದಂತೆ ದುಡಿದೆ ಎನ್ನುತ್ತೀರಲ್ಲ, ಒಪ್ಪೋಣ. ಆ ಸುಖ ಬಂದದ್ದು ಗಂಟೆಯಿಂದಲ್ಲ, ಹಿಡಿತದಿಂದ. ನೀವು ಹಂಚುತ್ತಿರುವುದು ಮಾತ್ರ ಬರೀ ಗಂಟೆ.

ವಿಯೆಟ್ನಾಂ, ಬಾಂಗ್ಲಾದೇಶಗಳ ಜೊತೆ ಪೈಪೋಟಿ, ಬಡ ದೇಶಕ್ಕೆ ಈ ಚೆಲುವೆಲ್ಲ ಎಲ್ಲಿಯದು ಎಂಬುದು ಕೊನೆಯ ಬಾಣ. ಸರ್ಕಾರಗಳೂ ಇದನ್ನೇ ನಂಬಿವೆ. 2023ರಲ್ಲಿ ರಾಜ್ಯದ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 9 ಗಂಟೆಯಿಂದ 12ರವರೆಗೆ ಹಿಗ್ಗಿಸಲು, ಮೂರು ತಿಂಗಳ ಓವರ್‌ಟೈಮನ್ನು 75ರಿಂದ 145 ಗಂಟೆಗೆ ಏರಿಸಲು ದಾರಿ ಮಾಡಿತು. 2025ರಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ ಮತ್ತು ಕಚೇರಿಗಳಲ್ಲಿ ದಿನಕ್ಕೆ 10 ಗಂಟೆಯ ಪ್ರಸ್ತಾವವನ್ನು ಮುಂದಿಟ್ಟಿತು. ಪಕ್ಷ ಬದಲಾಯಿತು, ಗಂಟೆಯ ಹಸಿವು ಬದಲಾಗಲಿಲ್ಲ. ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಎಂಬ ಷರತ್ತನ್ನು ಮುಂದೆ ಹಿಡಿಯುತ್ತಾರೆ. ಸಂಘದ ಕಂತು ಕಟ್ಟಬೇಕಾದವಳು, ಬೇಡವೆಂದರೆ ನಾಳೆ ಗೇಟಿನೊಳಕ್ಕೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲದವಳು ಹಾಕುವ ಸಹಿಗೆ ಒಪ್ಪಿಗೆ ಎನ್ನುವುದಾದರೆ, ಜೀತದ ಪತ್ರಕ್ಕೆ ಒತ್ತುತ್ತಿದ್ದ ಹೆಬ್ಬೆಟ್ಟೂ ಒಪ್ಪಿಗೆಯೇ. ಪೈಪೋಟಿಯ ಮಾತಿಗೆ ಬಂದರೆ, ಗಂಟೆ ಹೆಚ್ಚಿಸುವುದರಿಂದ ದೇಶ ಗೆಲ್ಲುವುದಾಗಿದ್ದರೆ ಭಾರತ ಎಂದೋ ಗೆದ್ದಿರಬೇಕಿತ್ತು. ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿಯುವ ಹೆಂಗಸರಿಗೆ ಇಲ್ಲಿ ಎಂದು ಬರವಿತ್ತು?

ಏನು ಮಾಡಬೇಕೆಂಬುದಕ್ಕೆ ಹೊರದೇಶಕ್ಕೆ ಹೋಗಬೇಕಾಗಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಮಾಲೀಕರೂ ಕಾರ್ಮಿಕರೂ ಕೂತು ಮಾತಾಡುವ ಸಮಿತಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಜಾಗ ಮಾಡಿತ್ತು. ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ಪ್ರಭುತ್ವ ಕ್ರಮ ಕೈಗೊಳ್ಳಬೇಕೆನ್ನುವ 43ಎ ವಿಧಿ 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿದೆ, ಧೂಳು ಹಿಡಿದಿದೆ. ಕರ್ನಾಟಕಕ್ಕಂತೂ ಇನ್ನೂ ಹತ್ತಿರದ ನೆನಪಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಉಳುವವನೇ ಹೊಲದೊಡೆಯ ಎಂದಾಗಲೂ ಪ್ರಪಂಚ ಮುಳುಗುತ್ತದೆ ಎಂದವರಿದ್ದರು. ಕೃಷಿ ಹಾಳಾಗುತ್ತದೆ, ಗೇಣಿದಾರನಿಗೆ ಬೇಸಾಯದ ಹೊಣೆ ತಿಳಿಯದು ಎಂದರು. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಕೂತಿತು, ಹೊಲ ಕೈಬದಲಾಯಿತು. ನೆಲದ ವಿಷಯದಲ್ಲಿ ಐವತ್ತು ವರ್ಷದ ಹಿಂದೆ ಒಪ್ಪಿದ್ದನ್ನು ಲೈನಿನ ವಿಷಯದಲ್ಲಿ, ಆ್ಯಪ್‌ನ ವಿಷಯದಲ್ಲಿ, ಕಚೇರಿಯ ಮೇಜಿನ ವಿಷಯದಲ್ಲಿ ಒಪ್ಪಲು ಏಕೆ ಕೈ ನಡುಗುತ್ತದೆ? ಗಂಟೆಗೆ ಎಷ್ಟು ಪೀಸ್ ಎಂಬುದನ್ನು ಹೊಲಿಯುವವರೂ ಕೂತು ಗೊತ್ತುಮಾಡುವ ಕಾನೂನು ಬರಲಿ. ಆ್ಯಪ್‌ನ ದರ, ರೇಟಿಂಗುಗಳನ್ನು ಬದಲಿಸುವ ಮೊದಲು ಸವಾರರ ಚುನಾಯಿತ ಪ್ರತಿನಿಧಿಗಳ ಸಹಿ ಬೇಕೆಂದಾಗಲಿ, ಮನುಷ್ಯನೊಬ್ಬ ಎದುರಿಗೆ ಕೂತು ವಿಚಾರಣೆ ಮಾಡದೆ ಒಂದೇ ಒಂದು ಐಡಿಯೂ ಬ್ಲಾಕ್ ಆಗದಿರಲಿ. ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ದುಡಿಯುವವರಿಗೆ ಕುರ್ಚಿ ಹಾಕಲಿ. ಅಲ್ಲಿಯವರೆಗೆ ಗಂಟೆ ಹೆಚ್ಚಿಸುವ ಒಂದು ಕಡತವೂ ವಿಧಾನಸೌಧದ ಮೆಟ್ಟಿಲು ಹತ್ತದಿರಲಿ. ಹತ್ತಿದರೆ 2016ರ ಏಪ್ರಿಲ್‌ನಂತೆ ರಸ್ತೆ ತುಂಬಲಿ. ಪೀಣ್ಯದ ಆ ಕಾಲರ್ ಹೊಲಿಯುವವಳ ಕೈಗೆ, ಮಷಿನ್ನಿನ ಪಕ್ಕದಲ್ಲೇ, ಎಳೆದರೆ ಲೈನ್ ನಿಲ್ಲುವ ಒಂದು ದಾರವನ್ನು ಕೊಡಿ. ಅವಳು ಅದನ್ನು ಯಾವಾಗ ಎಳೆಯುತ್ತಾಳೆ, ಏಕೆ ಎಳೆಯುತ್ತಾಳೆ ಎಂದು ನೋಡಿ ಬಂದ ಮೇಲೆ ಎಪ್ಪತ್ತೋ ತೊಂಬತ್ತೋ ಮಾತಾಡೋಣ, ಅವಳನ್ನೂ ಕೂರಿಸಿಕೊಂಡು.